ತಲೆಯ ಮೇಲಿನ ಪಟಕಾ, ತರಗತಿಯೊಳಗಿನ ಜಾಗ



ಶಾಲೆ ಸುರುವಾಗುವ ದಿನ ಹತ್ತಿರ ಬಂತೆಂದರೆ ಹಳಿಯಾಳದ ಬಟ್ಟೆ ಅಂಗಡಿಗಳಲ್ಲಿ, ದರ್ಜಿಗಳ ಮುಂದೆ ತಾಯಂದಿರದೇ ಗದ್ದಲ. ನಮ್ಮ ತೇರಗಾಂವದಂಥ ಊರಿನಿಂದ ಹೋದವರು ಒಂದೇ ದಿನದಲ್ಲಿ ಅಳತೆ ಕೊಟ್ಟು, ನೋಟುಬುಕ್ಕು ಕೊಂಡು, ಸಂಜೆಯ ಬಸ್ಸು ಹಿಡಿಯಬೇಕು. "ಒಂದ ಬೆರಳ ಉದ್ದ ಇಡ್ರಿ, ಬರೋ ವರ್ಷಕ್ಕೂ ಆಗ್ಲಿ" ಎಂದು ದರ್ಜಿಗೆ ಹೇಳದ ತಾಯಿ ಯಾರಿದ್ದಾಳೆ? ಈ ಯುನಿಫಾರ್ಮ್ ಎಂಬುದು ನನಗಂತೂ ಬಹಳ ಮೆಚ್ಚಿನದು. ಸಾಹುಕಾರರ ಮಗಳಿಗೂ ಕೂಲಿಯವರ ಮಗಳಿಗೂ ಒಂದೇ ಬಣ್ಣದ ಲಂಗ, ಒಂದೇ ಬಣ್ಣದ ಅಂಗಿ. ಹಬ್ಬಕ್ಕೆ ಹೊಸ ಬಟ್ಟೆ ಕಾಣದ ಮಗು ತರಗತಿಯಲ್ಲಿ ತಲೆ ತಗ್ಗಿಸಿ ಕೂರಬೇಕಾಗಿಲ್ಲ. ನಮಗೂ ಬೆಳಿಗ್ಗೆ ಒಲೆಯ ಮುಂದೆ ನಿಂತಾಗ "ಇವತ್ತ ಯಾವ ಫ್ರಾಕು" ಎಂಬ ರಗಳೆ ಇಲ್ಲ.

ಹಾಗಾಗಿ ಓದುಗ ಸೋದರಿಯೊಬ್ಬರು ಕೇಳಿದ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. "ಯುನಿಫಾರ್ಮ್ ಅಂದ ಮ್ಯಾಲ ಎಲ್ಲಾರಿಗೂ ಒಂದ ಇರಬೇಕಲ್ರಿ ಅಕ್ಕಾರ. ಸರದಾರಜೀ ಹುಡುಗ್ರಿಗೆ ಪಟಕಾ ಯಾಕ ಬಿಡತಾರ? ಒಬ್ಬರಿಗೆ ಬಿಟ್ರ ನಾಳೆ ಎಲ್ಲಾರೂ ಕೇಳತಾರ." ಇದು ಅವರ ಮಾತು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಬರೆಯುತ್ತ ಹೋದಂತೆ ಈ ಮಾತು ನಮ್ಮ ಮನೆಯ ಕಟ್ಟೆಯ ತನಕ ಬಂದು ನಿಲ್ಲುತ್ತದೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಸಿಖ್ಖರೆಂದರೆ ನಮ್ಮ ಕಡೆಯವರಿಗೆ ಹೆದ್ದಾರಿಯ ಲಾರಿ ಚಾಲಕರು, ಇಲ್ಲವೇ ಸಿನಿಮಾದಲ್ಲಿ ನಗಿಸುವ ಪಾತ್ರ. ಅಷ್ಟಕ್ಕೇ ನಮ್ಮ ಪರಿಚಯ ಮುಗಿಯುತ್ತದೆ. ಆದರೆ ಅವರಿಗೂ ನಮ್ಮ ಕನ್ನಡನಾಡಿಗೂ ನಂಟು ಹಳೆಯದು. ಬೀದರದಲ್ಲಿ ನಾನಕ್ ಝೀರಾ ಸಾಹೇಬ ಎಂಬ ದೊಡ್ಡ ಗುರುದ್ವಾರವಿದೆ. 16ನೆಯ ಶತಮಾನದ ಆರಂಭದಲ್ಲಿ ಗುರುನಾನಕರು ಅಲ್ಲಿಗೆ ಬಂದಾಗ, ಸಿಹಿನೀರಿಲ್ಲದೆ ಜನ ಒದ್ದಾಡುತ್ತಿದ್ದುದನ್ನು ಕಂಡು, ಪಾದುಕೆಯಿಂದ ಕಲ್ಲೊಂದನ್ನು ಸರಿಸಿದರಂತೆ, ಅಲ್ಲಿಂದ ಝರಿ ಹರಿಯಿತಂತೆ. ಇವತ್ತಿಗೂ ಭಕ್ತರು ಆ ನೀರನ್ನು ಕುಡಿದು, ಲಂಗರಿನ ಪಂಕ್ತಿಯಲ್ಲಿ ಕುಳಿತು ಊಟ ಮಾಡುತ್ತಾರೆ. ಜಾತಿ ಕೇಳುವ ಪದ್ಧತಿ ಅಲ್ಲಿಲ್ಲ.

1699ರ ಬೈಸಾಖಿ ಹಬ್ಬದ ದಿನ ಆನಂದಪುರದಲ್ಲಿ ಗುರು ಗೋವಿಂದಸಿಂಗರು ಖಾಲ್ಸಾ ಪಂಥ ಕಟ್ಟಿದಾಗ "ತಲೆ ಕೊಡುವವರು ಯಾರು" ಎಂದು ಕೇಳಿದರು, ಐವರು ಎದ್ದು ನಿಂತರು ಎಂಬುದು ಸಿಖ್ಖರ ಪರಂಪರೆ. ಆ ಐವರಲ್ಲಿ ಒಬ್ಬರು ಭಾಯಿ ಸಾಹಿಬ ಸಿಂಗ್, ನಮ್ಮ ಬೀದರದವರು! ಕ್ಷೌರಿಕ ವೃತ್ತಿಯ ಮನೆತನದಲ್ಲಿ ಹುಟ್ಟಿದವರೆಂದು ಹೇಳುತ್ತಾರೆ. ಊರ ಮಂದಿಯ ಕೂದಲು ಕತ್ತರಿಸುವ ಮನೆಯ ಮಗ, ಇನ್ನು ಮೇಲೆ ತಲೆಯ ಕೂದಲಿಗೆ ಕತ್ತರಿ ತಾಗಿಸುವುದಿಲ್ಲವೆಂದು ವ್ರತ ತೊಟ್ಟ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇನ್ನೊಬ್ಬಳು ಮಾಯಿ ಭಾಗೋ ಎಂಬ ವೀರ ಹೆಣ್ಣುಮಗಳು. ಮುಕ್ತಸರದ ಕಾಳಗದಲ್ಲಿ ಗಂಡುಡುಗೆ ತೊಟ್ಟು, ತಲೆಗೆ ಪಟಕಾ ಬಿಗಿದು, ಹೋರಾಡಿದವಳು. ಅವಳು ಕೊನೆಗಾಲ ಕಳೆದದ್ದು ಬೀದರದ ಹತ್ತಿರದ ಜನವಾಡದಲ್ಲಿ ಎಂದು ಅಲ್ಲಿಯ ಗುರುದ್ವಾರದಲ್ಲಿ ಇಂದಿಗೂ ನೆನೆಯುತ್ತಾರೆ. ಅಂದ ಮೇಲೆ ಹೆಣ್ಣುಮಕ್ಕಳು ಪಟಕಾ ಕಟ್ಟುವುದು ಸಿಖ್ಖರಲ್ಲಿ ಹೊಸ ಫ್ಯಾಷನ್ ಏನಲ್ಲ.

ಖಾಲ್ಸಾ ದೀಕ್ಷೆ ಪಡೆದವರು, ಅಂದರೆ ಅಮೃತ ಸ್ವೀಕರಿಸಿದವರು, ಐದು ವಸ್ತುಗಳನ್ನು ಸದಾ ಮೈಮೇಲೆ ಇಟ್ಟುಕೊಳ್ಳಬೇಕು. ಕತ್ತರಿಸದ ಕೂದಲು ಎಂದರೆ ಕೇಶ, ಅದನ್ನು ಬಾಚುವ ಮರದ ಬಾಚಣಿಗೆ ಕಂಘಾ, ಕೈಗೆ ಉಕ್ಕಿನ ಕಡಾ, ಒಳಗೆ ಕಛೇರಾ ಎಂಬ ಚಡ್ಡಿ, ಸೊಂಟದಲ್ಲಿ ಕಿರ್ಪಾಣ್ ಎಂಬ ಚಿಕ್ಕ ಕತ್ತಿ. ಕಡಾ ಎಂದರೆ ನಮ್ಮ ಕಡಗವೇ. ಪಟಕಾ ಈ ಐದರಲ್ಲಿ ಇಲ್ಲ, ಆದರೆ ಆ ಕೂದಲನ್ನು ಕಾಯುವುದೇ ಪಟಕಾ. ದೊಡ್ಡವರದು ಮಾರುಗಟ್ಟಲೆ ಉದ್ದದ ಬಟ್ಟೆ. ಶಾಲೆಯ ಹುಡುಗರು ಜುಟ್ಟು ಕಟ್ಟಿ ಅದರ ಮೇಲೆ ಚೌಕದ ಬಟ್ಟೆ ಬಿಗಿಯುತ್ತಾರೆ. ಅದಕ್ಕೂ ಪಟಕಾ ಎಂದೇ ಹೆಸರು. ನಮ್ಮ ಕಡೆಯ ಹಿರಿಯರು ತಲೆಗೆ ಸುತ್ತುವ ಪಟಕಾದ ಹೆಸರೇ ಅಲ್ಲಿಯೂ ಇದೆ ನೋಡಿ.

ಉದ್ದ ಕೂದಲಿನ ಹೆಣ್ಣುಮಕ್ಕಳನ್ನು ಸಾಕಿದ ನಮಗೆ ಆ ಮನೆಯ ಬೆಳಗು ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, "ಅಲುಗಾಡಬ್ಯಾಡ" ಎಂದು ತಲೆಗೊಂದು ಮೊಟಕಿ, ಜಡೆ ಹಾಕುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಸಿಖ್ಖರ ಮನೆಯಲ್ಲಿ ಗಂಡು ಹುಡುಗನಿಗೂ ಇದೇ ಸೇವೆ. ದಿನವೂ ತಾಯಿ ಬಾಚಿ, ಕಟ್ಟಿ, ಕಳಿಸಿದ ತಲೆ ಅದು. ಶಾಲೆಯ ಬಾಗಿಲಲ್ಲಿ ನಿಂತವರು "ತೆಗಿ" ಎನ್ನುವಾಗ ಅವರ ಕಣ್ಣಿಗೆ ಕಾಣುವುದು ಒಂದು ತುಂಡು ಬಟ್ಟೆ. ಆ ಹುಡುಗನಿಗೆ ಅದು ಎಲ್ಲರೆದುರು ತಲೆಯ ಸೆರಗು ಎಳೆದ ಹಾಗೆ.

ಈ ಕೂದಲು ಅವರಿಗೆ ಪ್ರಾಣಕ್ಕೂ ಬಂದದ್ದಿದೆ. 1984ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಪಟಕಾ ಕಂಡಲ್ಲೆಲ್ಲ ಕೊಲ್ಲುತ್ತಿದ್ದಾಗ ಎಷ್ಟೋ ಮಂದಿ ಜೀವ ಉಳಿಸಿಕೊಳ್ಳಲು ಕೂದಲು ಕತ್ತರಿಸಿಕೊಂಡರು. ತಾಯಂದಿರು ತಮ್ಮ ಗಂಡುಮಕ್ಕಳ ಜುಟ್ಟು ಬಿಚ್ಚಿ ಹುಡುಗಿಯರ ಹಾಗೆ ಜಡೆ ಹಾಕಿ ಅಡಗಿಸಿಟ್ಟ ಕಥೆಗಳೂ ಇವೆ. ನಮ್ಮ ನಾಡೇನೂ ಹೊರತಾಗಿರಲಿಲ್ಲ. 1988ರ ಸೆಪ್ಟೆಂಬರಿನಲ್ಲಿ ಅದೇ ಬೀದರದಲ್ಲಿ, ದೂರದ ಊರುಗಳಿಂದ ಎಂಜಿನಿಯರಿಂಗ್ ಓದಲು ಬಂದಿದ್ದ ಸಿಖ್ ಹುಡುಗರು ಗಲಭೆಯಲ್ಲಿ ಕೊಲೆಯಾದರು. ಇದನ್ನೆಲ್ಲ ದಾಟಿಯೂ ಮತ್ತೆ ಮಗನಿಗೆ ಪಟಕಾ ಕಟ್ಟಿ ಶಾಲೆಗೆ ಕಳಿಸುವ ತಾಯಿಯ ಎದುರು "ಇದೇನು ಶೋಕಿ" ಎನ್ನಲು ನನ್ನ ನಾಲಿಗೆ ಏಳದು.

ಇನ್ನು ಬೆಂಗಳೂರಿನ ವಿಷಯ. 2022ರ ಆರಂಭದಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಎದ್ದ ಹಿಜಾಬಿನ ಜಗಳ ರಾಜ್ಯಕ್ಕೆಲ್ಲ ಹಬ್ಬಿದ್ದು ನಿಮಗೆ ನೆನಪಿದೆ. ಒಂದು ಕಡೆ ಹಿಜಾಬು, ಇನ್ನೊಂದು ಕಡೆ ಕೇಸರಿ ಶಾಲು. ಫೆಬ್ರುವರಿ 5ರಂದು ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. 10ರಂದು ಹೈಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಸಮವಸ್ತ್ರ ನಿಗದಿಯಾದ ಕಾಲೇಜುಗಳ ತರಗತಿಯೊಳಗೆ ಕೇಸರಿ ಶಾಲು, ಸ್ಕಾರ್ಫು, ಹಿಜಾಬು, ಧಾರ್ಮಿಕ ಧ್ವಜ "ಅಥವಾ ಅಂಥವು" ಯಾವುದೂ ಬೇಡ, ಮುಂದಿನ ಆದೇಶದವರೆಗೆ, ಯಾವ ಧರ್ಮದವರಾದರೂ ಸರಿ ಎಂದು. ಪಟಕಾ ಎಂಬ ಶಬ್ದ ಅದರಲ್ಲಿ ಇರಲೇ ಇಲ್ಲ. ಆದರೆ "ಅಂಥವು" ಎಂಬ ಬಾಲ ಇತ್ತಲ್ಲ, ಆ ಬಾಲಕ್ಕೆ ಒಬ್ಬ ಹುಡುಗಿ ಸಿಕ್ಕಿಕೊಂಡಳು.

ಬೆಂಗಳೂರಿನ ಮೌಂಟ್ ಕಾರ್ಮೆಲ್ ಪಿ.ಯು. ಕಾಲೇಜಿನಲ್ಲಿ ಓದುತ್ತಿದ್ದ 17 ವರ್ಷದ ಸಿಖ್ ಹುಡುಗಿ ಅವಳು. ಅಮೃತ ಸ್ವೀಕರಿಸಿದವಳು, ತಲೆಗೆ ದಿನವೂ ಪಟಕಾ ಕಟ್ಟುವವಳು. ಅಲ್ಲಿಯ ತನಕ ಕಾಲೇಜಿನಲ್ಲಿ ಯಾರಿಗೂ ಅದರಿಂದ ಅಡ್ಡಿಯಾಗಿರಲಿಲ್ಲ. ಇಲಾಖೆಯ ಅಧಿಕಾರಿ ಕಾಲೇಜಿಗೆ ಬಂದು, ಹಿಜಾಬು ತೊಟ್ಟಿದ್ದ ಹುಡುಗಿಯರಿಗೆ ಕೋರ್ಟಿನ ಆದೇಶ ತಿಳಿಸಿದಾಗ, ಆ ಹುಡುಗಿಯರು "ನಮಗೆ ಬೇಡ ಅಂದರೆ ಯಾರಿಗೂ ಬೇಡ, ಅವಳದೂ ತೆಗೆಸಿರಿ" ಎಂದರು. ನಿಮ್ಮ ಮಕ್ಕಳಾಗಿದ್ದರೆ ಏನನ್ನುತ್ತಿದ್ದರು ಹೇಳಿ? ಮನೆಯಲ್ಲಿ ಒಬ್ಬಳಿಗೆ ಲಾಡು ಕೊಟ್ಟು ಇನ್ನೊಬ್ಬಳಿಗೆ ಕೊಡದಿದ್ದರೆ ಇದೇ ಮಾತು ಬರುತ್ತದೆ. ಕಾಲೇಜಿನವರು ಸಿಖ್ ಹುಡುಗಿಯ ತಂದೆಗೆ ಆದೇಶದ ವಿಷಯ ತಿಳಿಸಿದರು. ಮಗಳು ಪಟಕಾ ತೆಗೆಯುವುದಿಲ್ಲ, ಸರಕಾರವೂ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಲಿ ಎಂದು ಆ ಕುಟುಂಬ ಉತ್ತರ ಕೊಟ್ಟಿತು.

ಇಲ್ಲಿ ಯಾರನ್ನು ಬೈಯುವುದು? ಕಾಲೇಜಿನವರಿಗೆ ಕೋರ್ಟಿನ ಭಯ. ಅಧಿಕಾರಿಗೆ ಮೇಲಿನವರ ಭಯ. ಹಿಜಾಬಿನ ಹುಡುಗಿಯರಿಗೆ ತಮ್ಮ ಮೇಲೆ ಮಾತ್ರ ಕಣ್ಣಿಟ್ಟಿದ್ದಾರೆಂಬ ಸಂಕಟ. ಅವಸರದಲ್ಲಿ ಬೀಸಿದ ಬಲೆಗೆ ಯಾವ ಮೀನು ಬೀಳುತ್ತದೆಂದು ಬೀಸಿದವನಿಗೂ ಗೊತ್ತಿರುವುದಿಲ್ಲ.

ನಮ್ಮ ಸಂವಿಧಾನದ 25ನೆಯ ವಿಧಿಯ ಕೆಳಗೆ ಒಂದು ವಿವರಣೆ ಸೇರಿಸಿದ್ದಾರೆ. ಕಿರ್ಪಾಣ್ ಧರಿಸುವುದು ಸಿಖ್ ಧರ್ಮದ ಆಚರಣೆಯಲ್ಲಿ ಸೇರಿದೆ ಎಂದು ಅದರಲ್ಲಿ ಹೆಸರು ಹಿಡಿದೇ ಹೇಳಿದೆ. ಮುಂದೆ 2022ರ ಸೆಪ್ಟೆಂಬರಿನಲ್ಲಿ ಹಿಜಾಬಿನ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ನಡೆದಾಗ ವಕೀಲರು ಸಿಖ್ಖರ ಉದಾಹರಣೆ ಎತ್ತಿದರು. ಸಿಖ್ಖರ ಐದು ಚಿಹ್ನೆಗಳಿಗೆ ಇದನ್ನು ಹೋಲಿಸುವುದು ಸರಿಯಲ್ಲ ಎಂದು ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೇಳಿದರು. ಕಾನೂನಿನಲ್ಲಿ ಅದು ಸರಿಯಿರಬಹುದು, ನಾನು ಕಾನೂನು ಓದಿದವಳಲ್ಲ. ಆದರೆ ಶಾಲೆಯ ಗೇಟಿನಲ್ಲಿ ನಿಂತ ಮಗುವಿಗೆ ಸಂವಿಧಾನದ ವಿವರಣೆ ಗೊತ್ತಿರುವುದಿಲ್ಲ. ತನ್ನನ್ನು ಒಳಗೆ ಬಿಟ್ಟರೋ ಇಲ್ಲವೋ ಎಂಬುದಷ್ಟೇ ಗೊತ್ತಿರುತ್ತದೆ.

"ಇದೆಲ್ಲ ಸಿಖ್ಖರದು, ಮುಸಲ್ಮಾನರದು, ನಮಗೇನು" ಎಂದು ಕೂತಿದ್ದವರಿಗೂ ಸರದಿ ಬಂತು. 2023ರ ನವೆಂಬರಿನಲ್ಲಿ ಕಲಬುರ್ಗಿಯಲ್ಲಿ ಸರಕಾರಿ ಕೆಲಸದ ಪರೀಕ್ಷೆಗೆ ಬಂದ ಹೆಣ್ಣುಮಕ್ಕಳಿಗೆ ತಾಳಿ, ಕಾಲುಂಗುರ ತೆಗೆಯಲು ಹೇಳಿದರು. ಟಿ.ವಿ.ಯಲ್ಲಿ ನೋಡಿದಾಗ ನಮ್ಮ ಓಣಿಯ ಅತ್ತೆಯವರು ತಮ್ಮ ಕೊರಳು ಮುಟ್ಟಿಕೊಂಡು "ಶಿವ ಶಿವಾ" ಎಂದದ್ದು ಕಣ್ಣಿಗೆ ಕಟ್ಟಿದೆ. ಎಲ್ಲ ಕಡೆಯಿಂದ ಆಕ್ಷೇಪ ಬಂದ ಮೇಲೆ ಮುಂದಿನ ಪರೀಕ್ಷೆಗಳಲ್ಲಿ ತಾಳಿಗೂ ಕಾಲುಂಗುರಕ್ಕೂ ವಿನಾಯಿತಿ ಕೊಟ್ಟರು. ಆಮೇಲೆ 2025ರ ಏಪ್ರಿಲ್ 17. ಮತ್ತೆ ಬೀದರ! ಸಿ.ಇ.ಟಿ. ಬರೆಯಲು ಬಂದ ಹುಡುಗನೊಬ್ಬನಿಗೆ ಜನಿವಾರ ತೆಗೆದರೆ ಮಾತ್ರ ಒಳಗೆ ಎಂದರು. ಅವನು ಒಲ್ಲೆ ಎಂದು ಗಣಿತದ ಪರೀಕ್ಷೆ ಬಿಟ್ಟು ಮನೆಗೆ ಹೋದ. ಶಿವಮೊಗ್ಗದಲ್ಲೂ ಇಂಥದೇ ದೂರು ಬಂತು. ಜನಿವಾರ ತೆಗೆಸಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ ಎಂದು ಪರೀಕ್ಷೆ ನಡೆಸಿದವರೇ ಹೇಳಿದರು. ಸಿಬ್ಬಂದಿಯ ಮೇಲೆ ಕ್ರಮವೂ ಆಯಿತು. ಆದರೆ ಎರಡು ವರ್ಷ ರಾತ್ರಿ ಹಗಲು ಓದಿದ ಹುಡುಗನ ಆ ಒಂದು ಬೆಳಗನ್ನು ಯಾರು ತಿರುಗಿ ಕೊಡುತ್ತಾರೆ?

ಜನಿವಾರದಲ್ಲಿ ಕಾಪಿ ಚೀಟಿ ಅಡಗಿಸಲು ಬರುತ್ತದೆಯೇ? ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ "ತೆಗಿ" ಎಂದರು. ಯಾಕೆಂದರೆ ಬಾಗಿಲಲ್ಲಿ ನಿಂತವನಿಗೆ ತಪಾಸಣೆ ಮಾಡುವುದಕ್ಕಿಂತ ತೆಗೆಸುವುದು ಸುಲಭ.

ಈಗ ನಮ್ಮ ಸೀಮೆಯ ಯಾವುದಾದರೂ ಒಂದು ತರಗತಿಯನ್ನು ನೆನಪಿಗೆ ತಂದುಕೊಳ್ಳಿ. ಲಿಂಗಾಯತರ ಮಗುವಿನ ಕೊರಳಲ್ಲಿ ಶಿವದಾರ, ಕರಡಿಗೆ. ಪಂಢರಪುರದ ವಾರಿಗೆ ನಡೆಯುವ ಮರಾಠರ ಮನೆಯ ಮಗುವಿಗೆ ತುಳಸಿಮಣಿ. ಕ್ರೈಸ್ತರ ಹುಡುಗಿಗೆ ಸಣ್ಣ ಶಿಲುಬೆ. ಸಿದ್ದಿ ಸಮಾಜದಲ್ಲಂತೂ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಮುಂಡಗೋಡದ ಟಿಬೇಟಿಯನ್ ಕಾಲೊನಿಯ ಮಕ್ಕಳ ಕೊರಳಲ್ಲಿ ಲಾಮಾಗಳು ಮಂತ್ರಿಸಿ ಕೊಟ್ಟ ಕೆಂಪು ದಾರ. ಚಳಿಗಾಲ ಬಂತೆಂದರೆ ಅಯ್ಯಪ್ಪನ ಮಾಲೆ ಹಾಕಿ ಕಪ್ಪು ಬಟ್ಟೆ ತೊಟ್ಟ ಹುಡುಗರು. ಇನ್ನು ದೃಷ್ಟಿಯ ತಾಯತಕ್ಕೆ ಜಾತಿಯೇ ಇಲ್ಲ, ಎಲ್ಲರ ಕೊರಳಲ್ಲೂ ಒಂದು! "ಎಲ್ಲ ತೆಗೆಯಿರಿ" ಎಂದು ನಿಜವಾಗಿ ಆಜ್ಞೆ ಮಾಡಿದರೆ ಮೇಷ್ಟ್ರ ಮೇಜಿನ ಮೇಲೆ ರಾಶಿ ಬೀಳುತ್ತದೆ. ಅಂಗಿಯ ಒಳಗಿರುವುದು ಕಾಣುವುದಿಲ್ಲ, ಅದಕ್ಕೆ ನಡೆದುಹೋಗುತ್ತದೆ. ಪಟಕಾ, ತಲೆವಸ್ತ್ರ ಹೊರಗೆ ಕಾಣುತ್ತವೆ, ಅದಕ್ಕೆ ಸಿಕ್ಕಿಬೀಳುತ್ತವೆ. ಇಷ್ಟೇ ವ್ಯತ್ಯಾಸ.

ಪರದೇಶಗಳಲ್ಲಿಯೂ ಈ ಜಗಳ ಇದ್ದದ್ದೇ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಪಾರ್ಕ್ ಗ್ರೋವ್ ಎಂಬ ಖಾಸಗಿ ಶಾಲೆಯ ಮುಖ್ಯೋಪಾಧ್ಯಾಯರು, ಗುರಿಂದರ್ ಸಿಂಗ್ ಮಂಡ್ಲಾ ಎಂಬ ಹುಡುಗನಿಗೆ ಕೂದಲು ಕತ್ತರಿಸಿ ಪಟಕಾ ಬಿಟ್ಟರೆ ಮಾತ್ರ ಪ್ರವೇಶ ಎಂದರು. ಆ ಮನುಷ್ಯ ಕೆಟ್ಟವರೇನಲ್ಲ. ನಾನಾ ಜನಾಂಗದ ಮಕ್ಕಳು ಕಲಿಯುವಲ್ಲಿ ಭೇದ ಎದ್ದು ಕಾಣಬಾರದು ಎಂಬುದು ಅವರ ವಾದ. ನಮ್ಮ ಓದುಗ ಸೋದರಿಯ ವಾದವೂ ಇದೇ. 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಶಾಲೆಯ ಪರವಾಗಿ ತೀರ್ಪು ಕೊಟ್ಟರೂ, 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ ಹುಡುಗನ ಪರ ನಿಂತಿತು. ಅಷ್ಟರಲ್ಲಿ ಐದು ವರ್ಷ ಸಂದಿತ್ತು. ಹುಡುಗ ಬೇರೆ ಶಾಲೆಗೆ ಸೇರಿಯಾಗಿತ್ತು. ಕೋರ್ಟಿನ ಗಡಿಯಾರಕ್ಕೂ ಮಕ್ಕಳ ಪ್ರಾಯಕ್ಕೂ ಎಲ್ಲಿಯ ತಾಳ!

ನಮ್ಮ ಹೆಣ್ಣುಮಕ್ಕಳಿಗೆ ಹತ್ತಿರದ್ದೆಂದರೆ ವೇಲ್ಸಿನ ಕಡಗದ ಕಥೆ. ಅಬರ್ಡೇರ್ ಎಂಬ ಊರಿನ ಹುಡುಗಿಯರ ಶಾಲೆಯಲ್ಲಿ ಸಾರಿಕಾ ವಾಟ್ಕಿನ್ಸ್-ಸಿಂಗ್ ಎಂಬ 14 ವರ್ಷದವಳು ಕೈಯ ಕಡಾ ತೆಗೆಯಲು ಒಪ್ಪಲಿಲ್ಲ. ಕೈಗಡಿಯಾರ, ಕಿವಿಗೆ ಸಾದಾ ಬೆಂಡೋಲೆ ಬಿಟ್ಟು ಯಾವ ಆಭರಣವೂ ಕೂಡದು ಎಂಬುದು ಶಾಲೆಯ ನಿಯಮ. ಅವಳನ್ನು ಸುಮಾರು ಎರಡು ತಿಂಗಳು ಬೇರೆ ಕೋಣೆಯಲ್ಲಿ, ಒಬ್ಬಳನ್ನೇ ಕೂರಿಸಿ ಪಾಠ ಮಾಡಿಸಿದರು. 2008ರ ಜುಲೈನಲ್ಲಿ ಹೈಕೋರ್ಟು ಕಡಾ ಆಭರಣವಲ್ಲವೆಂದು ಮನ್ನಿಸಿ ಅವಳನ್ನು ಗೆಲ್ಲಿಸಿತು. ಬಳೆ ಹಾಕಿ ಬಂದರೆ ಬಿಚ್ಚಿಸುವ, ಹೂ ಮುಡಿದರೆ ಕಿತ್ತು ಹಾಕುವ ಶಾಲೆಗಳು ನಮ್ಮಲ್ಲೂ ಇವೆ. ಹೂವು ತೆಗೆಸಿದರೆ ನನಗೆ ಬೇಸರವಿಲ್ಲ, ಮನೆಗೆ ಬಂದು ಮುಡಿಯಬಹುದು. ಹೂವಿಗೂ ವ್ರತಕ್ಕೂ ಭೇದವಿದೆ, ಅಷ್ಟೆ.

ಫ್ರಾನ್ಸಿನಲ್ಲಿ ಮಾತ್ರ ಬಾಗಿಲು ಮುಚ್ಚಿತು. 2004ರ ಮಾರ್ಚ್ 15ರ ಕಾಯಿದೆಯಂತೆ ಸರಕಾರಿ ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆ ಕೂಡದು. ಬಿಕ್ರಮಜಿತ್ ಸಿಂಗ್ ಎಂಬ ಹುಡುಗ ದೊಡ್ಡ ಪಟಕಾ ಬಿಟ್ಟು ತೆಳುವಾದ ಸಣ್ಣ ಬಟ್ಟೆಯೊಂದನ್ನು ಕಟ್ಟಿಕೊಂಡು ಹೋದರೂ ಒಪ್ಪಲಿಲ್ಲ. ಕೆಲವು ವಾರ ಶಾಲೆಯ ಕ್ಯಾಂಟೀನಿನಲ್ಲಿ ಕೂರಿಸಿ, ಕೊನೆಗೆ ಹೊರಗೆ ಹಾಕಿದರು. 2012ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದು ತಪ್ಪೆಂದು ಅಭಿಪ್ರಾಯಪಟ್ಟಿತು.

ಒಬ್ಬಳು ಬೇರೆ ಕೋಣೆಯಲ್ಲಿ, ಒಬ್ಬ ಕ್ಯಾಂಟೀನಿನಲ್ಲಿ. 2022ರ ಫೆಬ್ರುವರಿಯಲ್ಲಿ ನಮ್ಮ ಕುಂದಾಪುರದಲ್ಲೂ ಹಿಜಾಬಿನ ಹುಡುಗಿಯರನ್ನು ಕಾಲೇಜಿನ ಒಳಗೆ ಬಿಟ್ಟು ಬೇರೆ ಕೋಣೆಯಲ್ಲಿ ಪಾಠವಿಲ್ಲದೆ ಕೂರಿಸಿದ್ದರು. ಶಾಲೆಯಲ್ಲಿ ಮಗುವನ್ನು ಬೇರೆ ಕೂರಿಸುವುದು ಎಂದಾಗ ನನಗೆ ಮನೆಯಿಂದ ಗೋಣಿತಟ್ಟು ಒಯ್ದು ಮೂಲೆಯಲ್ಲಿ ಕೂತ ಬಾಲಕ ಅಂಬೇಡ್ಕರರು ನೆನಪಾಗುತ್ತಾರೆ. ಕಾರಣ ಬೇರೆ ಇರಬಹುದು, ಕೂರುವ ಮಗುವಿನ ಹೊಟ್ಟೆಯೊಳಗಿನ ಉರಿ ಬೇರೆಯಲ್ಲ. ಪಟಕಾಕ್ಕೆ ಬಣ್ಣ ಗೊತ್ತುಮಾಡಲಿ, ಅಳತೆ ಗೊತ್ತುಮಾಡಲಿ. ಬೇರೆ ಮಾತ್ರ ಕೂರಿಸಬಾರದು. ಓದುಗ ಸೋದರಿಗೆ ನನ್ನ ಉತ್ತರ ಇದೇ. ಯುನಿಫಾರ್ಮು ಹುಟ್ಟಿದ್ದೇ ಮಕ್ಕಳು ಒಟ್ಟಿಗೆ ಕೂರಲಿ ಎಂದು. ಅದೇ ಯುನಿಫಾರ್ಮಿನ ಹೆಸರಿನಲ್ಲಿ ಒಂದು ಮಗುವನ್ನು ಎಬ್ಬಿಸಿ ಹೊರಗೆ ಕಳಿಸಿದರೆ ಅಡುಗೆ ಕೆಡುವುದೆಂದು ಉಪ್ಪು ಡಬ್ಬಿಯನ್ನೇ ಬಿಸಾಡಿದ ಹಾಗಾಯಿತು.

ಕಿರ್ಪಾಣಿನ ವಿಷಯ ಬೇರೆಯೇ. ಕತ್ತಿ ಎಂದ ಕೂಡಲೆ ಯಾವ ತಾಯಿಗಾದರೂ ಎದೆ ಧಸಕ್ಕೆನ್ನುತ್ತದೆ. ಅದು ತಪ್ಪಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 2001ರ ನವೆಂಬರಿನಲ್ಲಿ ಗುರ್ಬಜ್ ಸಿಂಗ್ ಮುಲ್ತಾನಿ ಎಂಬ 12 ವರ್ಷದ ಹುಡುಗನ ಬಟ್ಟೆಯಿಂದ ಕಿರ್ಪಾಣು ಶಾಲೆಯ ಅಂಗಳದಲ್ಲಿ ಬಿತ್ತು. ಬೇರೆ ತಾಯಿ-ತಂದೆಯರು ಗಾಬರಿಯಾದರು. ಒರೆಯನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅಂಗಿಯ ಒಳಗೆ ಇಟ್ಟುಕೊಳ್ಳಲಿ ಎಂಬ ಕಟ್ಟುಪಾಡಿನ ಮೇಲೆ 2006ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹುಡುಗನಿಗೆ ಅನುಮತಿ ಕೊಟ್ಟಿತು. ಕೆನಡಾದ ಶಾಲೆಗಳಿಗೆ ಸಿಖ್ ಮಕ್ಕಳು ಬರತೊಡಗಿ ನೂರು ವರ್ಷವಾದರೂ ಕಿರ್ಪಾಣಿನಿಂದ ಹಲ್ಲೆ ನಡೆದ ಒಂದು ಘಟನೆಯೂ ವರದಿಯಾಗಿಲ್ಲ ಎಂಬುದನ್ನೂ ಕೋರ್ಟು ಗಮನಿಸಿತು. ನಮ್ಮ ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೈವಾರದ ಮೊನೆ ಎಷ್ಟು ಚೂಪು ಎಂಬುದನ್ನು ಚೀಲ ತೊಳೆಯುವಾಗ ಚುಚ್ಚಿಸಿಕೊಂಡ ನಮಗೇ ಗೊತ್ತು! ಇರಲಿ. ಭಯ ಇದ್ದಲ್ಲಿ ಹೊಲಿಗೆ ಹಾಕುವುದು ಒಳ್ಳೆಯ ದಾರಿ. ಶಾಲೆಗೂ ಮಾತು ಉಳಿಯಿತು, ಹುಡುಗನಿಗೂ ವ್ರತ ಉಳಿಯಿತು.

ಹೊರಗಿನವರು "ತೆಗಿ" ಎನ್ನುವುದು ಒಂದಾದರೆ, ಒಳಗಿನವರು "ತೆಗೆದೆಯಾ?" ಎಂದು ಹಿಡಿಯುವುದು ಇನ್ನೊಂದು. ಅಮೃತಸರದಲ್ಲಿ ಸಿಖ್ಖರದೇ ವೈದ್ಯಕೀಯ ಕಾಲೇಜಿನಲ್ಲಿ ಹುಬ್ಬು ತೀಡಿಸಿಕೊಂಡ ಹುಡುಗಿಗೆ ಸಿಖ್ ಕೋಟಾದ ಸೀಟು ಇಲ್ಲ ಎಂದರು. ಅವಳು ಕೋರ್ಟಿಗೆ ಹೋದಳು. 2009ರ ಮೇ ತಿಂಗಳಲ್ಲಿ ಪಂಜಾಬ್-ಹರಿಯಾಣ ಹೈಕೋರ್ಟು, ಕೂದಲು ಕತ್ತರಿಸದಿರುವುದು ಸಿಖ್ ಧರ್ಮದ ಮೂಲ ಅಂಶವೆಂದು ಕಾಲೇಜಿನ ಪರ ತೀರ್ಪು ಕೊಟ್ಟಿತು. ಬ್ಯೂಟಿ ಪಾರ್ಲರಿನಲ್ಲಿ ಐದು ನಿಮಿಷ ಕೂತದ್ದಕ್ಕೆ ಡಾಕ್ಟರಿಕೆಯೇ ಹೋಯಿತು! ಧರ್ಮದ ನಿಯಮ ಅವರದು, ಹೌದು. ಆದರೆ ಹಾಕಿಕೋ ಎನ್ನುವವರೂ ತೆಗೆದುಹಾಕು ಎನ್ನುವವರೂ ಕೊನೆಗೆ ಕೈ ಹಾಕುವುದು ಹೆಣ್ಣುಮಗುವಿನ ಪುಸ್ತಕಕ್ಕೇ. ಮನೆಯಲ್ಲಿ ಒಲ್ಲದ ಮಗಳಿಗೆ ಬಲವಂತವಾಗಿ ತಲೆ ಮುಚ್ಚಿಸಿ ಕಳಿಸುವ ತಾಯಂದಿರಿಗೂ ನಾನು ಇದನ್ನೇ ಹೇಳುತ್ತೇನೆ.

2022ರ ಮಾರ್ಚ್ 15ರಂದು ನಮ್ಮ ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಇಬ್ಭಾಗವಾಯಿತು. ಹೇಮಂತ್ ಗುಪ್ತಾ ಅವರು ಆದೇಶ ಸರಿ ಎಂದರು, ಸುಧಾಂಶು ಧುಲಿಯಾ ಅವರು ಅಲ್ಲ ಎಂದರು. ದೊಡ್ಡ ಪೀಠ ರಚಿಸಲೆಂದು ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಒಪ್ಪಿಸಿದರು. ಧುಲಿಯಾ ಅವರ ತೀರ್ಪಿನಲ್ಲಿ ಒಂದು ವಿಷಯ ನನ್ನ ಮನಸ್ಸಿಗೆ ಹತ್ತಿತು. ಹಳ್ಳಿಯ ಹುಡುಗಿ ಶಾಲೆಯ ಚೀಲ ಹಿಡಿಯುವ ಮೊದಲು ತಾಯಿಯ ಜೊತೆ ಕಸ ಗುಡಿಸಿ, ಬಟ್ಟೆ ಒಗೆದು ಬರಬೇಕು, ಅವಳ ಅಣ್ಣ-ತಮ್ಮಂದಿರಿಗಿಂತ ಅವಳಿಗೆ ಓದು ಎಷ್ಟೋ ಕಷ್ಟ, ಅಂಥವಳ ದಾರಿಗೆ ನಾವು ಇನ್ನೊಂದು ಅಡ್ಡಿ ಹಾಕುತ್ತಿದ್ದೇವೆಯೇ ಎಂಬ ಅರ್ಥದ ಮಾತು. ಅಷ್ಟು ಎತ್ತರದ ಪೀಠದಲ್ಲಿ ಕೂತವರಿಗೆ ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಕಂಡಿತಲ್ಲ!

ಪಟಕಾ ಇರಲಿ, ಜನಿವಾರ ಇರಲಿ, ಹಿಜಾಬು ಮಾತ್ರ ಬೇಡ ಎನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ಅವರ ಜೊತೆ ವಾದ ಮಾಡಿ ನನಗೆ ಸಾಕಾಗಿದೆ. ಸಮವಸ್ತ್ರದ ಬಣ್ಣದ ಬಟ್ಟೆಯನ್ನೇ ತಲೆಗೂ ಹಾಕಿಕೊಳ್ಳಲಿ, ಮುಖ ಕಾಣುವಂತಿರಲಿ ಎಂದು ನಾನು ಅನ್ನುತ್ತೇನೆ. ಅವರು ಒಪ್ಪುವುದಿಲ್ಲ, ಚಹಾ ಕುಡಿದು ಹೋಗುತ್ತಾರೆ.

ಇನ್ನು ಉಪಯೋಗಕ್ಕೆ ಬರುವ ಮಾತು. ಮಗುವಿಗೆ ವ್ರತದ ವಸ್ತು ಏನೇ ಇರಲಿ, ಶಾಲೆಗೆ ಸೇರಿಸುವ ದಿನವೇ ಮುಖ್ಯೋಪಾಧ್ಯಾಯಿನಿಗೆ ತಿಳಿಸಿ, ಅರ್ಜಿಯ ಜೊತೆ ಒಂದು ಚೀಟಿಯಲ್ಲಿ ಬರೆದು ಕೊಡಿ, ನಿಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳಿ. ಪರೀಕ್ಷೆಯ ಪ್ರವೇಶಪತ್ರ ಬಂದಾಗ ಅದರ ಹಿಂದಿನ ಸಣ್ಣ ಅಕ್ಷರದ ನಿಯಮಗಳನ್ನು ನೀವೇ ಒಮ್ಮೆ ಓದಿ, ಮಗುವಿನ ಕೈಯಲ್ಲಿ ಕೊಟ್ಟು ಕಳಿಸಿ. "ಇಲ್ಲಿ ಹಿಂಗ ಬರದಾರ ನೋಡ್ರಿ ಸರ್" ಎಂದು ತೋರಿಸಲು ಬರುತ್ತದೆ. ಆ ದಿನ ಅರ್ಧ ಗಂಟೆ ಮೊದಲೇ ಹೋಗಲಿ, ತಪಾಸಣೆಯಲ್ಲಿ ಮಾತು ಬೆಳೆದರೂ ಸಮಯ ಕೈಯಲ್ಲಿರುತ್ತದೆ. ಆಟದ ಪೀರಿಯಡ್ಡಿನಲ್ಲಿ ಲಿಂಗದ ದಾರ, ತಾಯತ ಕಂಬಕ್ಕೆ ಸಿಕ್ಕಿ ಕೊರಳು ಬಿಗಿದೀತು. ದಾರವನ್ನು ಗಿಡ್ಡ ಮಾಡಿ, ಅಂಗಿಯ ಒಳಗೆ ಬರುವಂತೆ ಕಟ್ಟಿ.

ತಲೆಗೆ ಬಟ್ಟೆ ಕಟ್ಟುವ ಮಕ್ಕಳಿದ್ದರೆ ಯುನಿಫಾರ್ಮಿನ ತಾನಿನಿಂದಲೇ ಎರಡು ತುಂಡು ಹೆಚ್ಚಿಗೆ ಹರಿಸಿಕೊಳ್ಳಿ, ಬಣ್ಣ ಹೊಂದುತ್ತದೆ. ಆದರೆ ಟೆರಿಕಾಟ್ ಆಗಿದ್ದರೆ ಬೆವರು ಹೀರುವುದಿಲ್ಲ, ಅದರ ಬದಲು ಅದೇ ಬಣ್ಣದ ಹತ್ತಿ ಬಟ್ಟೆ ಹುಡುಕಿ. ತಲೆ ಒದ್ದೆಯಿರುವಾಗ ಕಟ್ಟಬೇಡಿ. ಒಂದು ಒಗೆದು ಹಾಕಿದಾಗ ಇನ್ನೊಂದು ಬೇಕೇ ಬೇಕು. ನಮ್ಮ ಮಳೆಗಾಲದಲ್ಲಿ ಬಟ್ಟೆ ಎರಡು ದಿನಕ್ಕೂ ಒಣಗುವುದಿಲ್ಲ, ಆದ್ದರಿಂದ ಮೂರು ಇದ್ದರೆ ಇನ್ನೂ ವಾಸಿ.